ಅಪ್ಪ ಇರುವವನ ಮೀಸೆ

ಬೂದಿಗೆರೆ,
ದೇವನಹಳ್ಳಿ ತಾಲ್ಲೂಕು
9-3-1969

ಚಿರಂಜೀವಿ ಗಂಗಣ್ಣನಿಗೆ, ಇನ್ನೂ ಜೀವಂತವಾಗಿರುವ ನಿನ್ನ ತಂದೆ ಸೊಣ್ಣಪ್ಪನ ಆಶೀರ್ವಾದ.

ಹೊಟ್ಟೆನೋವು ಹೇಗಿದೆ? ಮದರಾಸಿನ ನೀರು ಉಪ್ಪು, ಮೂರು ಹೊತ್ತೂ ಅನ್ನ ತಿಂದು ಹೊಟ್ಟೆ ಉಬ್ಬರಿಸುತ್ತದೆ ಎಂದು ಬರೆದಿದ್ದೆ. ಮುನಿರಾಮಯ್ಯನ ಕೈಲಿ ಕಳಿಸಿದ ರಾಗಿಹಿಟ್ಟು ನಿನಗೆ ಸೇರಿತೋ, ದಾರಿಯಲ್ಲಿ ಅವನೇ ಮುದ್ದೆ ಕಟ್ಟಿ ತಿಂದನೋ, ನಿನ್ನ ಅಮ್ಮ ದಿನಾ ಕೇಳುತ್ತಾಳೆ. ಅದಕ್ಕೆ ಮೊದಲು ಉತ್ತರ ಬರೆ. ಅವಳ ಮಂಡಿನೋವು ಇದ್ದ ಹಾಗೇ ಇದೆ. ಭಾಗ್ಯ ಚೆನ್ನಾಗಿದ್ದಾಳೆ. ಕೆಂಪು ಹಸು ಹೆಣ್ಣುಗರು ಹಾಕಿದೆ. ನಾನು ಕಲ್ಲುಗುಂಡಿನ ಹಾಗಿದ್ದೇನೆ. ಈ ಕೊನೆಯ ಮಾತನ್ನು ಎರಡು ಸಲ ಓದು, ಪಕ್ಕದಲ್ಲಿರುವವರಿಗೂ ಓದಿ ಹೇಳು. ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಬಿಸಾಕಿ ಎದ್ದು ಬಂದವನು ನಾನು, ಅಕ್ಷರ ಓರೆಕೋರೆಯಾಗಿರುತ್ತವೆ. ಭಾಗ್ಯಳ ಕೈಲಿ ಬರೆಸಬಹುದಿತ್ತು. ಆದರೆ ಅವಳು ನನ್ನ ಬೈಗುಳವನ್ನೆಲ್ಲ ಮೆತ್ತಗೆ ಮಾಡಿ ಬರೆಯುತ್ತಾಳೆ. ಈ ಸಲ ಒಂದೂ ಮೆತ್ತಗಾಗಕೂಡದು.

ನಿನ್ನ ಎರಡು ಕಾಗದವೂ ಬಂದವು. ಮೊದಲನೆಯದರಲ್ಲಿ, ಊರಿಗೆ ಟೆಂಟು ಬಂದಿದೆಯಂತಲ್ಲ, ಸಿನಿಮಾಗಳನ್ನು ನೋಡಿ ಹೇಗಿವೆ ಎಂದು ಅಪ್ಪನ ಕೈಲಿ ಬರೆಸಿ, ಒಂದರಲ್ಲಿ ನನ್ನ ಮುಖವೂ ಕಾಣುತ್ತದೆ ಎಂದು ಬರೆದಿದ್ದೆ. ಎರಡನೆಯದರಲ್ಲಿ ಭಾಗ್ಯಳ ಮದುವೆಗೆ ಬರಲಾಗುವುದಿಲ್ಲ ಎಂದು ಬರೆದಿದ್ದೀಯೆ. ಒಡಹುಟ್ಟಿದವಳು ಒಬ್ಬಳೇ, ಅವಳ ಮದುವೆಗೆ ಬರುವುದಿಲ್ಲವಂತೆ! ಎರಡಕ್ಕೂ ಸೇರಿಸಿ ಉತ್ತರ ಕೊಡುತ್ತೇನೆ. ಮೊದಲು ಸಿನಿಮಾ.

ಟೆಂಟು ಹಾಕಿರುವುದು ಕೆರೆ ಹಿಂದಿನ ಬಯಲಿನಲ್ಲಿ. ಮೊದಲು ಬಂದದ್ದು ದೇವರ ಸಿನಿಮಾ. ಅಂಥ ಮೋಸವನ್ನು ನಾನು ದನದ ಸಂತೆಯಲ್ಲೂ ಕಂಡಿಲ್ಲ. ರಾಕ್ಷಸನ ಕೈಯಿಂದ ಗದೆ ಜಾರಿ ನೆಲಕ್ಕೆ ಬಿತ್ತು, ಬಿದ್ದದ್ದು ಒಣಗಿದ ಸೋರೆಬುರುಡೆಯ ಹಾಗೆ ಪುಟಪುಟನೆ ಪುಟಿಯಿತು. ಅಂಥದ್ದರಲ್ಲಿ ಹೊಡೆಸಿಕೊಂಡು ಇಂದ್ರ ಮೂರ್ಛೆ ಹೋಗುತ್ತಾನೆ. ನಿನ್ನ ಅಮ್ಮನಿಗೆ ಇಂದ್ರನೂ ಬೇಡ, ರಾಕ್ಷಸನೂ ಬೇಡ. ಹಿಂದೆ ಈಟಿ ಹಿಡಿದು ನಿಂತವರಲ್ಲಿ ನೀನಿದ್ದೀಯೇನೋ ಎಂದು ಹೆಂಗಸರ ಕಡೆ ಕೂತು ಕಣ್ಣು ನೋಯಿಸಿಕೊಂಡಳು. ಯಾವ ಸಿನಿಮಾ ಬಂದರೂ ಅವಳ ಕಥೆ ಅಷ್ಟೇ. ಎಲ್ಲರೂ ಮುಂದೆ ಹಾಡುವವರನ್ನು ನೋಡಿದರೆ ಅವಳು ಹಿಂದೆ ನಿಂತವರನ್ನು ನೋಡುತ್ತಾಳೆ.

ಎರಡನೆಯದು ಹಳ್ಳಿ ಕಥೆಯಂತೆ. ಅದನ್ನು ತೆಗೆದವನು ಹಳ್ಳಿಯನ್ನು ರೈಲಿನ ಕಿಟಕಿಯಿಂದ ನೋಡಿರಬೇಕು. ಗಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಉಳುತ್ತಾನೆ. ಹೆಣ್ಣು ತಲೆಯ ಮೇಲೆ ಊಟದ ಕುಕ್ಕೆ ಹೊತ್ತು ಬರುತ್ತಾಳೆ. ಬಂದವಳು ಕುಕ್ಕೆ ಇಳಿಸಿ ಉಣ್ಣಲಿಕ್ಕೆ ಇಡಬೇಕೋ ಬೇಡವೋ? ಕುಕ್ಕೆ ಹೊತ್ತುಕೊಂಡೇ ಗಿರಗಿರ ತಿರುಗಿದಳು. ಒಳಗೆ ಮುದ್ದೆಯೂ ಇಲ್ಲ, ಸಾರೂ ಇಲ್ಲ ಎಂದು ಅಲ್ಲೇ ಗೊತ್ತಾಯಿತು. ಆಮೇಲೆ ಇಬ್ಬರೂ ಹಾಡುತ್ತಾ ಗುಡ್ಡ ಹತ್ತಿದರು, ಹೊಳೆ ದಾಟಿದರು. ಅದೂ ಹೋಗಲಿ ಎನ್ನು. ಎತ್ತುಗಳು ಮಾತ್ರ ಉರಿಬಿಸಿಲಿನಲ್ಲಿ ನೊಗದಲ್ಲೇ ನಿಂತಿವೆ! ಹಾಡು ಮುಗಿಯುತ್ತದೆ, ಇನ್ನೊಂದು ಶುರುವಾಗುತ್ತದೆ, ಆ ಮೂಕಪ್ರಾಣಿಗಳನ್ನು ಕೇಳುವವರಿಲ್ಲ. ತಡೆಯಲಾಗಲಿಲ್ಲ. ಎದ್ದು ನಿಂತು "ಲೇ, ನೊಗ ಇಳ್ಸೋ ಮೊದ್ಲು, ಆಮೇಲೆ ಕುಣಿಯೋವಂತೆ!" ಎಂದು ಕೂಗಿದೆ. ಟೆಂಟೆಲ್ಲ ನಕ್ಕಿತು. ನಗುವಂಥದ್ದು ಏನಿತ್ತೋ ನನಗಂತೂ ತಿಳಿಯಲಿಲ್ಲ.

ಮೂರನೆಯದು ನಿನ್ನದು. ಅದು ನಮ್ಮೂರಿಗೆ ಬರುವ ಮುಂಚೆ ತ್ಯಾಮಗೊಂಡ್ಲಿನ ಟೆಂಟಿಗೆ ಬಂದಿತ್ತು. ನನ್ನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು. ಒಂದು ದಿನ ಬೆಳಗ್ಗೆ ನಾನು ಹುಲ್ಲಿನ ಹೊರೆ ಹೊತ್ತು ಹಿತ್ತಲ ಕಡೆಯಿಂದ ಬರುತ್ತಿದ್ದೇನೆ, ಬಸ್ಸು ನಿಲ್ಲುವ ಕಡೆಯಿಂದ ಹೆಂಗಸೊಬ್ಬಳು ಎದೆ ಬಡಿದುಕೊಂಡು ಅಳುವುದು ಕೇಳಿಸಿತು. ಯಾರ ಮನೆಯಲ್ಲಿ ಏನಾಯಿತೋ ಎಂದು ನಾನೂ ಬೀದಿಗೆ ಬಂದೆ. ನೋಡಿದರೆ ತ್ಯಾಮಗೊಂಡ್ಲಿನಲ್ಲಿರುವ ನಿನ್ನ ಸೋದರತ್ತೆ ಪಿಳ್ಳಮ್ಮ! ಸೊಂಟದಲ್ಲಿ ಒಂದು ಬುಟ್ಟಿ, ಕೆದರಿದ ತಲೆ. "ಅಯ್ಯೋ ನನ್ನೊಡಹುಟ್ಟಿದೋನೇ, ಅಕ್ಕಂಗೆ ಒಂದ್ಮಾತು ಹೇಳ್ದೆ ಹೊಂಟೋದ್ಯಲ್ಲೋ! ಒಂದ್ ಹಿಡಿ ಮಣ್ ಹಾಕಾಕೂ ಕರೀಲಿಲ್ವಲ್ಲೋ ಈ ಪಾಪಿಗೋಳು!" ಎಂದು ಅಳುತ್ತಾ ಬೀದಿ ಉದ್ದಕ್ಕೂ ಬರುತ್ತಿದ್ದಾಳೆ. ಅವಳ ಹಿಂದೆ ಅರ್ಧ ಊರು. ಎದುರುಮನೆಯ ಅಪ್ಪಯ್ಯಣ್ಣ ಜಗಲಿಯಿಂದಿಳಿದು, "ಪಿಳ್ಳಕ್ಕಾ, ಅಳೋದ್ ಆಮೇಲೆ ಅಳೀವಂತೆ, ಅಗೋ ಹೆಣ ಹುಲ್ ಹೊತ್ಕೊಂಡ್ ಬತ್ತಾ ಐತೆ ನೋಡು" ಎಂದ.

ನನ್ನನ್ನು ಕಂಡು ಅಳು ನಿಲ್ಲಿಸಿದಳು. ಸಂತೋಷಪಡುತ್ತಾಳೆ ಎಂದುಕೊಂಡೆ. ಎಲ್ಲಿಯ ಸಂತೋಷ! ಬುಟ್ಟಿ ಕೆಳಗಿಟ್ಟು ಬಂದವಳೇ ನನ್ನ ಬೆನ್ನಿಗೆ ಗುದ್ದಿದಳು. "ಬದುಕಿದ್ದೀಯೇನೋ ಲೇ ಸೊಣ್ಣ! ಬದುಕಿದ್ರೆ ನಿನ್ ಮಗ ಯಾಕೋ ಮೀಸೆ ತೆಗ್ದವ್ನೆ?" ಎಂದಳು. ಸಿನಿಮಾದಲ್ಲಿ ನಿನ್ನನ್ನು ಬೋಳುತಲೆಯಲ್ಲಿ ನೋಡಿದ್ದಾಳೆ. ಅದು ಕಥೆ ಕಣೆ ಅಕ್ಕಾ ಎಂದರೆ ನನಗೇ ತಿರುಗಿಸಿ ಕೇಳಿದಳು: "ಕತೆ ಸುಳ್ಳು ಅಂತ ನಂಗೂ ಗೊತ್ತು. ತಲೆ ಸುಳ್ಳಾಯ್ತದಾ? ಅದು ನಮ್ ಗಂಗನ್ ತಲೇನೇ ತಾನೇ?" ತಿರುಪತಿಗೆ ಹೋಗಿ ಮುಡಿ ಕೊಟ್ಟರೂ ಅಪ್ಪ ಇರುವವನು ಮೀಸೆಗೆ ಕತ್ತಿ ಮುಟ್ಟಿಸುವುದಿಲ್ಲ. ನಮ್ಮ ಕಡೆ ಮೀಸೆ ತೆಗೆದ ಗಂಡಸನ್ನು ಕಂಡರೆ, ಯಾರು ಹೋದರು ಎಂದು ಕೇಳುತ್ತಾರೆಯೇ ಹೊರತು ಹೋಗಿದ್ದಾರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಹೆತ್ತವರಿಬ್ಬರೂ ಗಟ್ಟಿಯಾಗಿರುವಾಗ ಇದನ್ನು ಮಾಡಿಕೊಂಡೆಯಲ್ಲ, ಕತ್ತಿ ಹಿಡಿದವನು ಬಂದಾಗ ನಿನ್ನ ನಾಲಿಗೆ ಏನು ಮಾಡುತ್ತಿತ್ತು? ದೇವರುಗಳಿಗೆಲ್ಲ ಸೊಂಟದವರೆಗೆ ಕೂದಲು ಅಂಟಿಸುವ ಜನ ನಿನಗೊಂದು ಬೋಳು ಅಂಟಿಸಲಾರದೆ ಹೋದರೇ?

ಬುಟ್ಟಿಯಲ್ಲಿ ಏನಿತ್ತು ಗೊತ್ತೇ? ಕಜ್ಜಾಯ, ಹುರಿದ ಅವರೆಕಾಳು, ಒಂದು ಕಟ್ಟು ಬೀಡಿ. ನನ್ನ ಸಮಾಧಿಯ ಮುಂದೆ ಎಡೆ ಇಡಲು ತಂದದ್ದು! ಸತ್ತವನಿಗೆ ಇಷ್ಟವಾದದ್ದನ್ನೇ ಹುಡುಕಿ ಮಾಡಿದ್ದಾಳೆ. ಮದುವೆಯಾಗಿ ಹೋದವಳು, ಮೊಮ್ಮಕ್ಕಳನ್ನು ಕಂಡವಳು, ನನಗೆ ಅವರೆಕಾಳು ಯಾವ ಹದಕ್ಕೆ ಹುರಿದಿರಬೇಕು ಎಂಬುದನ್ನು ಮರೆತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು, ಒಂದು ಕಜ್ಜಾಯ ತೆಗೆದು ಎಲ್ಲರೆದುರಿಗೇ ಕಡಿದೆ. ನಿನ್ನ ಅಮ್ಮ ಓಡಿಬಂದು, "ಎಡೆಗೆ ಮಾಡಿದ್ದನ್ನ ಬದುಕಿರೋರು ತಿನ್ತಾರೇನ್ರೀ, ಉಗೀರಿ" ಎಂದು ನನ್ನ ಬಾಯಿಗೇ ಕೈ ಹಾಕಿದಳು. ಮಿಕ್ಕಿದ್ದನ್ನೆಲ್ಲ ಬೇಲಿಯಾಚೆ ಸುರಿದಳು. ಸುರಿದದ್ದೇ ತಡ, ಎಲ್ಲಿದ್ದವೋ ಕಾಗೆಗಳು, ಬಂದು ಮುಟ್ಟಿದವು. ಅದನ್ನು ಕಂಡು ಪಿಳ್ಳಮ್ಮ ಮತ್ತೆ ಅಳಲು ಶುರುಮಾಡಿದಳು. ಅವತ್ತಿನಿಂದ ಅಪ್ಪಯ್ಯಣ್ಣ ನನ್ನನ್ನು ಕಂಡಾಗಲೆಲ್ಲ, "ಏನ್ ಸೊಣ್ಣಪ್ಪ, ನಿನ್ ತಿಥಿಗೆ ನಮ್ಗೆ ಊಟಾನೇ ಹಾಕ್ಲಿಲ್ವಲ್ಲಪ್ಪ" ಎನ್ನುತ್ತಾನೆ. ಬಾವಿಕಟ್ಟೆಯಲ್ಲೂ ಅದೇ ಮಾತು, ಹಿಟ್ಟಿನ ಗಿರಣಿಯಲ್ಲೂ ಅದೇ ಮಾತು.

ಅದಾದ ವಾರಕ್ಕೆ ಸಿನಿಮಾ ನಮ್ಮೂರಿಗೇ ಬಂತು. ಹೋಗಬಾರದು ಎಂದುಕೊಂಡೆ, ಹೋದೆ. ಇಡೀ ಊರೇ ಬಂದಿತ್ತು, ಸಿನಿಮಾ ನೋಡಲಿಕ್ಕಲ್ಲ, ನಾನು ಸಿನಿಮಾ ನೋಡುವುದನ್ನು ನೋಡಲಿಕ್ಕೆ. ಕಥೆಯ ಬಗ್ಗೆ ಹೇಳುತ್ತೇನೆ, ಕೇಳು. ನೀನು ಊರ ಗೌಡನ ಕಿರಿಯ ಮಗ. ಅಣ್ಣನಾದವನು ಪಟ್ಟಣ ಸೇರಿ ಹಾಡಿಕೊಂಡಿದ್ದಾನೆ, ಇಲ್ಲಿ ಅಪ್ಪ ಸಾಯುತ್ತಾನೆ. ಸತ್ತವನಿಗೆ ಸಾಯಲೂ ಬರುವುದಿಲ್ಲ, ಚಟ್ಟದ ಮೇಲೆ ಅವನ ಹೊಟ್ಟೆ ಮೇಲೆ ಕೆಳಗೆ ಆಡುತ್ತಿತ್ತು. ನೀನು ಹೆಣ ಏಳುವ ಮೊದಲೇ ಬೋಳಿಸಿಕೊಂಡು ನಿಂತಿದ್ದೆ. ಬೋಳಿಸುವುದು ತಿಥಿಯ ದಿನ ಅಲ್ಲವೇನೋ? ನಿನ್ನ ತಾತ ಹೋದಾಗ ನೀನೇ ನೋಡಿರಲಿಲ್ಲವೇ? ಸಾಲದ್ದಕ್ಕೆ ಕೊಳ್ಳಿ ಬೇರೆ ಇಟ್ಟೆ. ನಮ್ಮ ವಂಶದಲ್ಲಿ ಯಾರನ್ನು ಸುಟ್ಟಿದ್ದಾರೆ? ನಾವು ಮಣ್ಣು ಮಾಡುವವರು. ಮಡಕೆ ಹೊತ್ತು ಸುತ್ತುವಾಗ ಆಂಜನೇಯನ ಗುಡಿ ಸುತ್ತುವ ಹಾಗೆ ಬಲಕ್ಕೆ ಸುತ್ತಿದೆ. ಹೇಳಿಕೊಡುವವರಿಗೆ ಗೊತ್ತಿಲ್ಲ ಸರಿ, ಹಳ್ಳಿಯವನು ನಿನಗಾದರೂ ಬಾಯಿರಲಿಲ್ಲವೇ?

ಆಮೇಲೆ ನೀನು ಅತ್ತೆ. ಸೋಡಾ ಮಾರುವವನು ಬಾಟಲಿ ಕೈಯಲ್ಲೇ ಹಿಡಿದು ನಿಂತುಬಿಟ್ಟ. ಹೆಂಗಸರ ಕಡೆಯೆಲ್ಲ ಮೂಗು ಸೀಟುವ ಸದ್ದು. ನಿನ್ನ ಅಮ್ಮ ತಾಳಿ ಕಣ್ಣಿಗೊತ್ತಿಕೊಂಡು ಎದ್ದು ಹೊರಗೆ ಹೋದಳು. ಹೇಗೆ ಅತ್ತೆ ಎಂಬುದನ್ನು ನಾನು ಬರೆಯುವುದಿಲ್ಲ, ಅಪ್ಪಯ್ಯಣ್ಣ ಹೇಳಿದ್ದನ್ನು ಬರೆಯುತ್ತೇನೆ. ನನ್ನ ಹೆಗಲ ಮೇಲೆ ಕೈಯಿಟ್ಟು, "ಸೊಣ್ಣಪ್ಪ, ಮಗ ಇಂಗ್ ಅಳ್ತಾನೆ ಅಂದ್ರೆ ನಾಳೇನೇ ಸತ್ರೂ ನಷ್ಟ ಇಲ್ಲ ಕಣೋ" ಎಂದ. ನಾನು ಅವನ ಕೈ ಕಿತ್ತೆಸೆದೆ. ಆ ಅಳುವನ್ನು ಹೊಟ್ಟೆ ಆಡಿಸುವ ಒಬ್ಬ ಗುರುತಿಲ್ಲದವನ ಮೇಲೆ ಸುರಿದು ಬಂದಿದ್ದೀಯಲ್ಲ, ಅದನ್ನು ನನಗೆ ಸಹಿಸಲಾಗಲಿಲ್ಲ. ಸಿನಿಮಾ ಕೆಟ್ಟದ್ದು. ನಿನ್ನದೊಂದು ತುಂಡು ಬಿಟ್ಟರೆ ಮಿಕ್ಕದ್ದೆಲ್ಲ ಹೊಟ್ಟು.

ಈಗ ಎರಡನೇ ಕಾಗದಕ್ಕೆ ಬರುತ್ತೇನೆ. ಆ ಅಳು ನೋಡಿ ಇನ್ನೊಂದು ಕಂಪನಿಯವರು ಕರೆದಿದ್ದಾರೆ, ಅಂಥದ್ದೇ ಪಾತ್ರ, ಆದರೆ ಈ ಸಲ ದೊಡ್ಡದು. ಯುಗಾದಿ ಕಳೆದ ಮೇಲೆ ಮತ್ತೆ ತಲೆ ಮೀಸೆ ಬೋಳಿಸಬೇಕು, ಆ ಮುಖ ಹೊತ್ತು ಶುಭಕಾರ್ಯಕ್ಕೆ ಬಂದರೆ ಅಪ್ಪ ಸುಮ್ಮನಿರುವುದಿಲ್ಲ, ಅದಕ್ಕೆ ಮದುವೆಗೆ ಬರುವುದಿಲ್ಲ ಎಂದು ಬರೆದಿದ್ದೀಯೆ. ಸುಮ್ಮನಿರುವುದಿಲ್ಲ ಎಂಬುದು ಸರಿಯಾಗಿಯೇ ಇದೆ. ಗಂಡಿನ ತಂದೆ, ಅರಿಶಿನಕುಂಟೆಯ ನರಸಿಂಹಯ್ಯನವರು, ವೀಳ್ಯ ತೆಗೆದುಕೊಳ್ಳುವಾಗಲೇ ಹೇಳಿದ್ದರು: "ನಮ್ ಹುಡುಗನ ಕಾಲು ತೊಳೆದು ಚಪ್ಪರಕ್ಕೆ ಕರ್ಕೊಂಡು ಬರೋದು ಹೆಣ್ಣಿನ ಅಣ್ಣಾನೇ ಆಗ್ಬೇಕು. ದಾಯಾದಿಗಳ ಕೈಲಿ ಮಾಡಿಸಿ ಮುಗಿಸೋದು ಬೇಡ." ಬರ್ತಾನೆ ಎಂದು ನಾನು ಮಾತು ಕೊಟ್ಟೆ. ನಿನ್ನ ಕಾಗದವನ್ನು ಭಾಗ್ಯಳೇ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, "ಬಿಡಪ್ಪ, ಅವನ ಕಷ್ಟ ಅವನಿಗೆ" ಎಂದು ಕಾಗದ ಮಡಿಸಿಟ್ಟು ಎಮ್ಮೆ ಕಟ್ಟಲು ಹೋದಳು. ಎಮ್ಮೆ ಆಗಲೇ ಕಟ್ಟಿತ್ತು. ಹೊಸ ಸೀರೆ ತಂದು ಮುಂದಿಟ್ಟರೆ ಮಡಿಕೆ ಬಿಚ್ಚಿಯೂ ನೋಡಲಿಲ್ಲ.

ಆದ್ದರಿಂದ ಕೇಳು. ಆ ಕಂಪನಿಯವರಿಗೆ ಆಗುವುದಿಲ್ಲ ಎಂದು ಹೇಳು. ಮೀಸೆ ಬಿಡು, ತಲೆಗೆ ಎಣ್ಣೆ ಹಾಕು, ವೈಶಾಖಕ್ಕೆ ಸರಿಯಾಗಿ ಮನುಷ್ಯನ ಹಾಗೆ ಬಂದು ತಂಗಿಯ ಮದುವೆಯಲ್ಲಿ ನಿಲ್ಲು. ಒಂದು ಸಲ ನನ್ನನ್ನು ಸಾಯಿಸಿದ್ದು ಸಾಕು. ಎರಡನೇ ಸಲ ಸಾಯಿಸಿ ಆ ಬೋಳುಮುಖದಲ್ಲಿ ನನ್ನ ಹೊಸ್ತಿಲು ತುಳಿದೆಯೋ, ಎತ್ತಿನ ಬಾರುಕೋಲು ಗೋಡೆಯಲ್ಲೇ ಇದೆ.

ಮಜ್ಜಿಗೆ ಸಿಕ್ಕರೆ ಕುಡಿ, ಹೋಟೆಲಿನ ಸಾರು ಬಿಡು. ಆಂಜನೇಯ ನಿನ್ನ ಹೊಟ್ಟೆಯನ್ನೂ ಬುದ್ಧಿಯನ್ನೂ ಒಟ್ಟಿಗೆ ನೆಟ್ಟಗೆ ಮಾಡಲಿ. ಪಿಳ್ಳಮ್ಮ ಇನ್ನೂ ಇಲ್ಲೇ ಇದ್ದಾಳೆ, ನಿನಗೆ ಆಶೀರ್ವಾದ ಬರೆ ಎಂದಳು, ಬರೆದಿದ್ದೇನೆ.

ನಿನ್ನ ತಂದೆ,
ಸೊಣ್ಣಪ್ಪ

ಇನ್ನೊಂದು. ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಮೇಲಿನದನ್ನೆಲ್ಲ ನಿನ್ನ ಅಮ್ಮನಿಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ: "ಇದನ್ನ ಬಿಟ್ರೆ ಅವ್ನಿಗೆ ಇನ್ನೊಂದು ಕೊಡ್ತಾರಾ?" ಕೊಡುತ್ತಾರೋ ಇಲ್ಲವೋ ನನಗೇನು ಗೊತ್ತು. ಬಿಡಬೇಡ. ಬೋಳಿಸಿಕೋ. ಬೋಳಿಸಿಕೊಂಡೇ ಮದುವೆಗೆ ಬಾ. ತಲೆಗೆ ರುಮಾಲು ಸುತ್ತಿದರಾಯಿತು, ಚಪ್ಪರದಲ್ಲಿ ಎಲ್ಲರೂ ಸುತ್ತಿರುತ್ತಾರೆ. ಮೀಸೆಯಿಲ್ಲದ್ದನ್ನು ಮಾತ್ರ ಮುಚ್ಚಲಾಗುವುದಿಲ್ಲ. ನೀನು ಗಂಡಿನ ಕಾಲು ತೊಳೆಯುವಾಗ ನೀರಿನ ಚೊಂಬು ಹಿಡಿದು ನಿನ್ನ ಪಕ್ಕ ನಾನೇ ನಿಂತಿರುತ್ತೇನೆ. ಯಾವನಾದರೂ ನಿನ್ನ ಮೂತಿ ನೋಡಿ, ಅಪ್ಪ ಯಾವಾಗ ಹೋದ್ರು ಎಂದು ಕೇಳಿದರೆ ನೀನು ಬಾಯಿ ಬಿಡಬೇಡ. ನನ್ನ ಕಡೆ ಕೈ ತೋರಿಸು. ಉತ್ತರ ನಾನು ಕೊಡುತ್ತೇನೆ.