ಅರ್ಧ ಇಲ್ಲಿ, ಅರ್ಧ ಅಲ್ಲಿ

ಆಲ್ಮೆಂದ್ರೊ, ಕ್ಯಾಲಿಫೋರ್ನಿಯಾ
ಡಿಸೆಂಬರ್ 13, ಶನಿವಾರ

ಪ್ರೀತಿಯ ರೊಸಾಲ್ವಾ,

“ಹೊಳೆ ದಾಟಿಸುವವಳ ಕಾಲು ಒದ್ದೆಯಾಗುವುದಿಲ್ಲ.” ಎಂ.ಎ. ಓದುವಾಗ ನೀನು ಗುನುಗುತ್ತಿದ್ದ ಸಾಲು ಹೀಗೇ ಇತ್ತೇ, ಇಲ್ಲ “ಒಣಗುವುದಿಲ್ಲ” ಎಂದಿತ್ತೇ? ಹೇಗಿದ್ದರೂ ನನಗೊಂದು ಅನುಮಾನ. ಎಲ್ಲರನ್ನೂ ಆಚೆ ದಡಕ್ಕೆ ಬಿಟ್ಟ ಮೇಲೆ ಆಕೆ ಯಾರ ಜೊತೆ ಮಾತಾಡುತ್ತಾಳೆ?

ನಿನ್ನ ಎರಡು ಪತ್ರಗಳಿಗೂ ಉತ್ತರಿಸಲಿಲ್ಲ, ಬೈಯಬೇಡ. ನಿನ್ನ ಮಗಳ ಮದುವೆ ಗೊತ್ತಾದ ಸುದ್ದಿ ಓದಿ ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ನೀನು ಪೋರ್ಟ್‌ಲ್ಯಾಂಡಿಗೆ ಹೋದ ಮೇಲೆ ಕಚೇರಿಯಲ್ಲಿ ನಿನ್ನ ಮೇಜಿನ ಮೇಲೆ ಪ್ರಿಂಟರ್ ಕೂತಿದೆ. ಕಣಿವೆಯಲ್ಲಿ ಮಂಜು ಇಳಿದು ಒಂಬತ್ತು ದಿನವಾಯಿತು, ಎದುರುಮನೆಯೂ ಕಾಣದು.

ನಮ್ಮ ಎರಡು ವರ್ಷದ ಕಾಲೇಜಿನಿಂದ ಈ ಸಲ ಸಲಹೆಗಾರ್ತಿಯಾಗಿ ನಾನು ಏಳು ಮಕ್ಕಳನ್ನು ಪದವಿ ಮುಗಿಸಲು ವಿಶ್ವವಿದ್ಯಾಲಯದ ಜೀವವೈದ್ಯಕೀಯ ವಿಭಾಗಕ್ಕೆ ಕಳಿಸಿದೆ. ಅವರಲ್ಲಿ ಯೆಸೆನಿಯಾ ತಫೋಯಾ ಮಾತ್ರ ಫೋನ್ ಮಾಡುತ್ತಾಳೆ. ತಾಯಿ ಕಿತ್ತಳೆ ಹಣ್ಣು ಪೆಟ್ಟಿಗೆಗೆ ತುಂಬುವ ಕೆಲಸದವಳು. ಹುಡುಗಿಗೆ ಅಲ್ಲಿನ ಪ್ರಯೋಗಾಲಯದಲ್ಲಿ ಜಾಗ ಸಿಕ್ಕಿತ್ತು.

ಸಾವಯವ ರಸಾಯನಶಾಸ್ತ್ರದ ಎರಡು ಭಾಗಗಳನ್ನೂ ಒಂದೇ ಕಡೆ ಮುಗಿಸಬೇಕು ಎಂದು ನಾನೇ ಗೋಡೆಗೆ ಚೀಟಿ ಅಂಟಿಸಿದ್ದು ನಿನಗೆ ನೆನಪಿರಬೇಕು. ಕಳೆದ ವಸಂತದಲ್ಲಿ ಪಾಠ ಮಾಡುವವರಿಲ್ಲದೆ ಇಲ್ಲಿ ಎರಡನೆಯ ಭಾಗ ನಡೆಯಲಿಲ್ಲ. “ಇನ್ನೊಂದು ವರ್ಷ ಕಾಯ್ಲಾ ಮಿಸ್?” ಎಂದು ಯೆಸೆನಿಯಾ ಕೇಳಿದಳು. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. “ಬೇಡ ಹೋಗು, ಉಳಿದರ್ಧ ಅಲ್ಲೇ ಮಾಡ್ಕೋ, ನಡೀತದೆ” ಎಂದುಬಿಟ್ಟೆ.

ನಡೆಯಲಿಲ್ಲ. ಎರಡೂ ಭಾಗ ಮೊದಲಿನಿಂದ ಓದು ಎಂದಿದ್ದಾರೆ ವಿಶ್ವವಿದ್ಯಾಲಯದವರು. ಅಷ್ಟರಲ್ಲಿ ಪ್ರಯೋಗಾಲಯದ ಜಾಗ ಬೇರೆಯವರ ಪಾಲು. ಸಲಹೆಗಾರರು ತಪ್ಪು ಹೇಳಿದ್ದರೆ ವಿನಾಯಿತಿ ಉಂಟು. ಯಾರು ಹೇಳಿದ್ದು ಎಂದು ಅವಳನ್ನು ಕೇಳಿದ್ದಾರೆ. ಅವಳು ಫೋನಿನಲ್ಲಿ ಹೇಳಿದ್ದು ಇಷ್ಟು:

“ಯಾರೂ ಹೇಳಿಲ್ಲ, ನಾನೇ ತಪ್ಪು ತಿಳ್ಕೊಂಡೆ ಅಂತ ಬರೆದೆ ಮಿಸ್.”

“ತಲೆ ಕೆಟ್ಟಿದ್ಯೇನೇ ನಿಂಗೆ? ನನ್ನ ಹೆಸರು ಬರಿ!”

“ನಿಮ್ಮ ಕೆಲ್ಸಕ್ಕೆ ಕುತ್ತು ಬಂದ್ರೆ? ಇನ್ನೂ ಎಷ್ಟು ಜನ ನಿಮ್ಮನ್ನೇ ನಂಬ್ಕೊಂಡಿದಾರೆ.”

“ಹಾಗಾದ್ರೆ ನಾನೇ ಬರೀತೀನಿ, ಸುಮ್ನಿರು” ಎಂದು ಫೋನ್ ಇಟ್ಟೆ.

ನೀನು ಚೆನ್ನಾಗಿರು. ಮಗಳು, ಬರಲಿರುವ ಅಳಿಯ ನೂರು ಕಾಲ ಜೊತೆಯಾಗಿ ನಗುತ್ತಿರಲಿ.

ನಿನ್ನ
ಸೆಲೆಸ್ತೆ

ತಾ.ಕ.: ನಾನು ಬರೆಯಲಿಲ್ಲ, ರೊಸಾಲ್ವಾ. ನಿನ್ನೆ ಸಂಜೆ ಐದಕ್ಕೆ ವಿನಾಯಿತಿ ಕೇಳುವ ಗಡುವು ಮುಗಿಯಿತು. “ಹೇಳಿದವಳು ನಾನು” ಎಂದಷ್ಟೇ ಬರೆದರೆ ಸಾಕಿತ್ತು. ಪರದೆಯ ಮುಂದೆ ಮಧ್ಯಾಹ್ನವಿಡೀ ಕೂತಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಮಗುವಿನ ದಾರಿಯನ್ನೂ ತಪ್ಪಿಸಿದವಳಲ್ಲ ಎಂಬ ಹೆಸರೊಂದೇ ನನ್ನ ಬಳಿ ಉಳಿದಿರುವುದು, ಅದನ್ನು ಕೈಬಿಡಲಾಗಲಿಲ್ಲ. ಹುಡುಗಿ ಮತ್ತೆ ಫೋನ್ ಮಾಡಿಲ್ಲ.

ಈಗಷ್ಟೇ ಪಕ್ಕದ ಮನೆಯ ಚೇಲೊ ಅಜ್ಜಿ ಬಾಗಿಲು ತಟ್ಟಿ, ಬಟ್ಟೆ ಮುಚ್ಚಿದ ಜೋಳದ ಕಡುಬಿನ ಬುಟ್ಟಿ ಕೈಗಿಟ್ಟಳು. “ತಮಾಲೆ, ಬಿಸಿ ಇರೋವಾಗ್ಲೇ ತಿನ್ನು ತಾಯಿ. ಯೆಸೆನಿಯಾಳ ಅಮ್ಮ ಕಳ್ಸಿದ್ದು. ‘ನನ್ ಮಗಳಿಗೆ ದಾರಿ ತೋರಿಸಿದ ಟೀಚರಮ್ಮಂಗೆ ಮೊದ್ಲು ಕೊಟ್ಟು ಬಾ’ ಅಂದ್ಲು.”