ಗೇಟ್ ಇಪ್ಪತ್ತಾರರ ಪಕ್ಕದ ಗೋಡೆ

9 ಜನವರಿ 2024, ಬೆಳಿಗ್ಗೆ 10

ಹಾಲು ಉಕ್ಕಿತು. ಒಲೆ ಒರೆಸಿದೆ. ಆಮೇಲೆ ಫಾರ್ಮು.

ಏರ್‌ಪೋರ್ಟಿನ ಗೋಡೆಗಳಿಗೆ ಚಿತ್ರ ಹಾಕುವ ಗುತ್ತಿಗೆ ಹಿಡಿದಿರುವ ಏಜೆನ್ಸಿಯ ಫಾರ್ಮು. ‘ನಮ್ಮ ನೆಲದ ಕಲಾವಿದರು’ ಅಂತೆ. ನವೆಂಬರ್ ಒಂದಕ್ಕೆ ಹೈದರಾಬಾದಿನ ಕಾಚಿಗೂಡದ ಕನ್ನಡ ಸಂಘದ ಸಭಾಂಗಣದಲ್ಲಿ ಹಳೆಯ ಬ್ಯಾನರ್ ತೂಗುಹಾಕಿದ್ದೆ. ಮೂವತ್ತಾರು ವರ್ಷ ಟ್ರಂಕಿನಲ್ಲಿದ್ದ ಬಟ್ಟೆ. ಏಜೆನ್ಸಿಯ ಅಪೂರ್ವ ಅಲ್ಲಿ ನೋಡಿದಳು. ಮೈಸೂರಿನ ಹುಡುಗಿ. “ಸರ್, ಇದು ಟರ್ಮಿನಲ್‌ನಲ್ಲಿ ಇರ್ಬೇಕು ಸರ್!”

ಬೇಕು. ಆದರೆ ಬ್ಯಾನರಿನ ಅಕ್ಷರ ಬೇಡವಂತೆ. ಘೋಷಣೆ ನಡೆಯುವುದಿಲ್ಲ. ಕೆಳಗಿನ ಸಾಲನ್ನು ಹಿಂದಕ್ಕೆ ಮಡಚಿ ಫ್ರೇಮ್ ಹಾಕುತ್ತಾರಂತೆ. “ಕಟ್ ಮಾಡಲ್ಲ ಸರ್. ಫೋಲ್ಡ್ ಅಷ್ಟೇ.”

ಆ ಸಾಲು: ಕಲ್ಲು ಹೊತ್ತವರಿಗೆ ದಾರಿಯಲ್ಲಿ ಪಾಲು ಕೊಡಿ.

ಅಕ್ಷರ ನನ್ನವು. ಮೇಲಿನ, ಕಲ್ಲಿನ ಬುಟ್ಟಿ ಹೊತ್ತ ಐವರು ಹೆಂಗಸರನ್ನು ಬರೆದವಳು ಗೋದಾವರಿ. ರಾಯಚೂರಿನವಳು. 1986ರಲ್ಲಿ, ಕಾಚಿಗೂಡದ ಒಂದು ಲಾಡ್ಜಿನ ತಾರಸಿಯ ಮೇಲೆ, ಎರಡು ದಿನ. ಅವಳು ಮುಖ ಬರೆಯುತ್ತಿದ್ದಳು, ನಾನು ಕೆಳಗೆ ಕೂತು ಅಕ್ಷರ ತುಂಬುತ್ತಿದ್ದೆ. ನಮ್ಮ ಹೋರಾಟದ ಸಂಘಟನೆಯ ಕ್ರಮವೇ ಹಾಗೆ — ಅಕ್ಷರಕ್ಕೆ ಒಬ್ಬರು, ಚಿತ್ರಕ್ಕೆ ಒಬ್ಬರು, ಕೆಳಗೆ ಯಾರ ಹೆಸರೂ ಇಲ್ಲ.

ಈಗ ಮಡಚಿದ ಮೇಲೆ ಗೋಡೆಗೆ ಹೋಗುವುದರಲ್ಲಿ ನನ್ನದು ಒಂದು ಗೆರೆಯೂ ಇಲ್ಲ.

‘ಕಲಾವಿದರ ಹೆಸರು’ — ಒಂದೇ ಖಾನೆ. ಅರ್ಧ ಗಂಟೆ ಪೆನ್ನು ಹಿಡಿದು ಕೂತೆ.

ಬರೆದೆ. ಗುರುಸಿದ್ದಪ್ಪ.

ಖಾನೆ ಒಂದೇ ಇತ್ತು. ನಾನೇನು ಮಾಡಲಿ.

11 ಜನವರಿ

ಬಟ್ಟೆ ಒಯ್ದರು. ಟ್ರಂಕು ಖಾಲಿ. ಮುಚ್ಚಳ ಹಾಕಲು ಮನಸ್ಸಾಗಲಿಲ್ಲ, ಹಾಗೇ ತೆರೆದಿಟ್ಟಿದ್ದೇನೆ.

ಇಡೀ ದಿನದಲ್ಲಿ ಆಡಿದ ಕನ್ನಡ: “ಹುಷಾರು, ಮಡಿಕೆ ಬೀಳಬಾರದು.” ಅದೂ ಹೊತ್ತೊಯ್ಯುವವರಿಗೆ ತಿಳಿಯಲಿಲ್ಲ. ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದೆ.

2 ಫೆಬ್ರವರಿ

ಉದ್ಘಾಟನೆ. ಟರ್ಮಿನಲ್‌ನಲ್ಲಲ್ಲ, ಹೋಟೆಲಿನಲ್ಲಿ. ಶಾಲು, ಗಾಜಿನ ಫಲಕ, ಪನೀರ್. ಕುಷಾಯಿಗೂಡದ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಪ್ಯಾನೆಲ್‌ಗಳ ಮೇಲೆ ನಂಬರು ಬರೆದೆ, ಒಂದು ಹೂವೂ ಬೀಳಲಿಲ್ಲ. ಇಲ್ಲಿ ಏನೂ ಬರೆಯದೆ ಶಾಲು!

ಅಪೂರ್ವ ಫೋಟೋ ಕಳಿಸಿದಳು. ಗೇಟ್ ಇಪ್ಪತ್ತಾರರ ಪಕ್ಕದ ಗೋಡೆ. ಐವರು ಹೆಂಗಸರು. ಬದಿಯಲ್ಲಿ ಬಿಳಿ ಚೀಟಿ, ಇಂಗ್ಲಿಷ್ ಮತ್ತು ತೆಲುಗಿನಲ್ಲಿ ನನ್ನ ಹೆಸರು. ದೊಡ್ಡದು ಮಾಡಿ ನೋಡಿದೆ. ಮತ್ತೆ ನೋಡಿದೆ.

ಶಾಲು ಕುರ್ಚಿಯ ಮೇಲಿದೆ. ಯಾರೋ ಕೂತಂತೆ ಕಾಣುತ್ತದೆ.

5 ಫೆಬ್ರವರಿ

ಬಸ್ಸು ಹತ್ತಿ ಏರ್‌ಪೋರ್ಟಿಗೆ ಹೋದೆ. ಬಾಗಿಲಲ್ಲೇ ತಡೆದರು. “ಟಿಕೆಟ್ ದಿಖಾಯಿಯೇ, ಚಾಚಾ.” ಒಳಗೆ ನನ್ನ ಚಿತ್ರ ಇದೆ ಎಂದೆ. ಬಂದೂಕಿನವನು ಒಳ್ಳೆಯವನೇ, ನಕ್ಕ. “ಸಬ್ ಕಾ ಕುಛ್ ನ ಕುಛ್ ಅಂದರ್ ಹೈ.” ಎಲ್ಲರದೂ ಏನಾದರೊಂದು ಒಳಗೆ ಇದ್ದೇ ಇದೆಯಂತೆ.

ನೆಲದ ಕಲಾವಿದನಿಗೆ ನೆಲದ ಮೇಲೆ ಪ್ರವೇಶವಿಲ್ಲ. ಹಾರುವವರಿಗೆ ಮಾತ್ರ. ಬಸ್ ಸ್ಟಾಪಿನಲ್ಲಿ ಕೂತು ಬಾಯಿಗೆ ಬಂದಂತೆ ಬೈದೆ.

ಪಕ್ಕದಲ್ಲಿ ಸಮವಸ್ತ್ರದ ಹೆಂಗಸು ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದಳು. “ಕನ್ನಡದೋರೇನ್ರಿ ಕಾಕಾ?”

“ಹೌದವಾ. ಹೆಂಗ ಗೊತ್ತಾತು?”

“ಹಂಗ ಬೈದ್ರಿ. ತೆಲುಗಿನ್ಯಾಗ ಇಷ್ಟ ಛಂದ ಬೈಯಾಕ ಬರಂಗಿಲ್ಲ.”

ಸಾಬಮ್ಮ. ಯಾದಗಿರಿ ಕಡೆಯವಳು. “ಈ ಬಿಲ್ಡಿಂಗ್ ಕಟ್ಟಾಕ ಬುಟ್ಟಿ ಹೊತ್ತೀನ್ರಿ. ಈಗ ಅದನ್ನಾ ಒರಸಾಕತ್ತೀನಿ. ಪ್ರಮೋಷನ್!” ಚಿತ್ರದ ವಿಷಯ ಹೇಳಿದೆ. ಕಣ್ಣರಳಿಸಿದಳು.

“ಐದು ಮಂದಿ ಹೆಣ್ಮಕ್ಕಳದ್ದಾ? ದಿನಾ ಅದರ ಮುಂದ ನೆಲಾ ಒರಸ್ತೀನ್ರಿ. ಬಾಜೂಕ ಚೀಟಿ ಕಾಗದದ್ದು ಐತಿ, ಅದಕ್ಕ ನೀರ ತಾಗಿಸಬ್ಯಾಡ ಅಂದಾರ. ಆ ಚಿತ್ರಾ ನೀವಾ ತಗದೀರೇನು?”

“ಹೌದು.”

ಎಷ್ಟು ಸಲೀಸಾಗಿ ಬಂತು. ತಿಂಗಳಿಗೊಮ್ಮೆ ಸಿಗುವ ಕನ್ನಡದ ಮಾತು, ಅದರಲ್ಲೂ ಸುಳ್ಳು.

13 ಫೆಬ್ರವರಿ

ಈಗ ಎರಡು ದಿನಕ್ಕೊಮ್ಮೆ ಹೋಗುತ್ತೇನೆ. ಮಧ್ಯಾಹ್ನ ಎರಡಕ್ಕೆ ಸಾಬಮ್ಮನ ಡ್ಯೂಟಿ ಮುಗಿಯುತ್ತದೆ. ನಾನು ಫ್ಲಾಸ್ಕಿನಲ್ಲಿ ಚಹಾ, ಅವಳು ರೊಟ್ಟಿ. ಇವತ್ತು ಯಾರು ಯಾರು ಚಿತ್ರದ ಮುಂದೆ ನಿಂತರು ಎಂದು ಹೇಳುತ್ತಾಳೆ. ಒಬ್ಬ ಮುದುಕಿ ಕೈ ಮುಗಿದಳಂತೆ, ದೇವರೆಂದುಕೊಂಡು. ಒಬ್ಬ ಅದಕ್ಕೇ ಒರಗಿ ಫೋನ್ ಚಾರ್ಜ್ ಮಾಡಿದನಂತೆ.

ಬಸ್ಸು ಇಳಿಯುವವರೆಗೂ ನಗು ಇತ್ತು. ಮನೆಯ ಬೀಗ ತೆಗೆಯುವಾಗ ಇರಲಿಲ್ಲ.

17 ಫೆಬ್ರವರಿ

“ಕಾಕಾ, ಒಂದ್ ಮಾತ್ ಕೇಳ್ತೀನ್ರಿ. ಸಿಟ್ಟಾಗಬ್ಯಾಡ್ರಿ.”

“ಕೇಳವಾ.”

“ಆ ತುದೀಕ ನಿಂತಾಕಿ ಅದಾಳಲ್ರಿ, ಬುಟ್ಟಿ ಕೆಳಗಿಟ್ಟಾಕಿ. ತಲೀ ಮ್ಯಾಲಿನ ಬಟ್ಟಿ ಸಿಂಬಿ ತಗದು ಕೈಯಾಗ ಬಳಿಯಂಗ ಏರಿಸ್ಯಾಳ.”

“ಹೂಂ.”

“ನಾವು ಹಂಗಾ ಮಾಡ್ತೀವ್ರಿ. ಸಿಂಬಿ ನೆಲಕ್ಕಿಟ್ರ ಮಣ್ಣ ಹತ್ತತೈತಿ, ಮತ್ತ ತಲಿಗಿಟ್ಟಾಗ ಕಣ್ಣಾಗ ಉದರತೈತಿ. ಅದಕ್ಕ ಕೈಗೇರಸ್ತೀವಿ. ಇದು ಹೊತ್ತಾಕಿಗೆ ಗೊತ್ತಿರತೈತಿ. ನೀವು ಯಾವಾಗ ಹೊತ್ತಿದ್ರಿ?”

“ಹೊತ್ತಿಲ್ಲ. ನೋಡಿದ್ದೆ.”

ರೊಟ್ಟಿ ಮುರಿಯುತ್ತ ಹೇಳಿದಳು, ನನ್ನ ಕಡೆ ನೋಡದೆ. “ನೋಡಿದೋರಿಗೆ ಬುಟ್ಟಿ ಕಾಣತೈತ್ರಿ ಕಾಕಾ. ಸಿಂಬಿ ಕಾಣಂಗಿಲ್ಲ.”

ಬಸ್ಸು ಬಂತು. ಹತ್ತಿದೆ. ಚಹಾದ ಫ್ಲಾಸ್ಕು ಅವಳ ಹತ್ತಿರವೇ ಉಳಿಯಿತು.

1 ಮಾರ್ಚ್

ಎರಡು ವಾರ ಹೋಗಿಲ್ಲ. ಬರೆದೂ ಇಲ್ಲ.

ಬರೆಯುತ್ತೇನೆ. ಆತ್ಮವಿಮರ್ಶೆ ಎನ್ನುತ್ತಿದ್ದೆವು, ಸಭೆಯ ಕೊನೆಗೆ, ಎಲ್ಲರೂ ಚಪ್ಪಾಳೆ ತಟ್ಟುವಂಥದ್ದು. ಇದಕ್ಕೆ ಚಪ್ಪಾಳೆ ಇಲ್ಲ.

1987ರ ಸಮ್ಮೇಳನ. ವೇದಿಕೆಯ ಹಿಂದೆ ಇದೇ ಬ್ಯಾನರ್. ಅಧ್ಯಕ್ಷರು ಮೈಕಿನಲ್ಲಿ “ಈ ಅದ್ಭುತ ಚಿತ್ರ ಬರೆದ ಸಂಗಾತಿ ಮೇಲೆ ಬರಬೇಕು” ಎಂದರು, ಬೆರಳು ನನ್ನ ಕಡೆ ತೋರಿಸಿದರು. ಗೋದಾವರಿ ಮೂರನೆಯ ಸಾಲಿನಲ್ಲಿದ್ದಳು. ಬೆಳಗಾಗೆದ್ದು ಕಲ್ಲು ಕ್ವಾರಿಗೆ ಹೋಗಿ ಬುಟ್ಟಿ ಹೊತ್ತು, ಆಮೇಲೆ ಬ್ರಷ್ ಹಿಡಿದು ಕಲಿತವಳು. ನಾನು ಹತ್ತಿದೆ. ಮೆಟ್ಟಿಲು ನಾಲ್ಕೇ ಇದ್ದವು. ಅಷ್ಟರಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ನಮ್ಮಲ್ಲಿ ಹೆಸರು ಮುಖ್ಯವಲ್ಲ ಎಂದು ಭಾಷಣ ಮಾಡಿ ಇಳಿದೆ!

ಹೆಸರು ಹಾಕಬಾರದೆಂದು ನಿಯಮ ಮಾಡಿದವರ ಹೆಸರು ಎಲ್ಲರಿಗೂ ಗೊತ್ತಿತ್ತು. ಹಾಕದೆ ಹೋದದ್ದು ಅವಳದೊಂದೇ. ಮುಂದಿನ ಸಭೆಗೆ ಅವಳು ಬರಲಿಲ್ಲ. ಯಾರೂ ಯಾಕೆಂದು ಕೇಳಲಿಲ್ಲ. ನಾನು ಕೇಳಲಿಲ್ಲ.

ರಾಯಚೂರಿನ ಹಳೆಯ ಗೆಳೆಯನಿಗೆ ಫೋನ್ ಮಾಡಿ ಅವಳ ನಂಬರು ತೆಗೆದುಕೊಂಡಿದ್ದೇನೆ. ಕ್ಯಾಲೆಂಡರಿನ ಹಿಂದೆ ಬರೆದಿದ್ದೇನೆ.

4 ಮಾರ್ಚ್, ಸಂಜೆ

ಮಾಡಿದೆ.

“ಯಾರು?”

“ಗುರುಸಿದ್ದಪ್ಪ. ಹೈದರಾಬಾದಿನಿಂದ.”

ಹಿಂದೆ ಕುಕ್ಕರಿನ ಸೀಟಿ.

“ಯಾರು ಸತ್ರು?”

“ಯಾರೂ ಇಲ್ಲ.”

“ಮತ್ಯಾಕ ಫೋನ್ ಮಾಡೀರಿ?”

ಎಲ್ಲಾ ಹೇಳಿದೆ. ಫಾರ್ಮು, ಖಾನೆ, ಗೇಟ್ ಇಪ್ಪತ್ತಾರು. ಆಮೇಲೆ ಅವಳ ಮೊದಲ ಪ್ರಶ್ನೆ:

“ನಿಮ್ಮ ಅಕ್ಷರ ಏನ ಮಾಡಿದ್ರು?”

“ಮಡಚ್ಯಾರ.”

“ನೀವು ಒಪ್ಪಿದ್ರಿ?”

“ಒಪ್ಪಿದೆ.”

“ಅಕ್ಷರ ಮಡಚಾಕ ಕೊಟ್ರಿ. ಚಿತ್ರಕ್ಕ ಹೆಸರ ಹಾಕ್ಕೊಂಡ್ರಿ. ಛಲೋ ಆತು ಬಿಡ್ರಿ ಗುರುಸಿದ್ದಣ್ಣ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಣ್ಣ ಅಂದಳು.

ಅಂಗನವಾಡಿಯಲ್ಲಿ ಇದ್ದಳಂತೆ, ರಿಟೈರ್ ಆಗುವವರೆಗೆ. ಗೋಡೆಯ ಮೇಲೆ ಆನೆ, ಬಾಳೆಹಣ್ಣು ಬರೆದಳಂತೆ. “ಹುಡುಗ್ರು ಆನಿ ಸೊಂಡಿಲಿಗೆ ಉಂಡ ಕೈ ಒರಸ್ತಿದ್ವು. ಪ್ರತಿ ವರ್ಷ ಹೊಸಾ ಸೊಂಡಿಲು.” ಇಬ್ಬರೂ ನಕ್ಕೆವು. ಕುಕ್ಕರ್ ಇಳಿಸಿ ಬಂದು ಅವಳೇ ಮುಂದುವರಿಸಿದಳು.

“ಊರೂರ ಗ್ವಾಡಿ ಮ್ಯಾಲೆ ಬರದ್ರಿ ನೀವು. ಹಕ್ಕು ಬರದ್ರಿ, ಕೂಲಿ ಬರದ್ರಿ, ನ್ಯಾಯ ಬರದ್ರಿ. ನನ್ನ ಹೆಸರ ಒಂದ ಸಲ ಬರಿಯಾಕ ಎಷ್ಟ ಹೊತ್ತು ಬೇಕ್ರಿ ನಿಮಗ?”

“ಬರಸ್ತೀನಿ, ಗೋದಾವರಿ. ನಾಳೇನ—”

“ಬರಸಬ್ಯಾಡ್ರಿ. ಬರೀರಿ.”

ಇಟ್ಟಳು.

5 ಮಾರ್ಚ್

ಅಪೂರ್ವಳ ಆಫೀಸಿಗೆ ಹೋದೆ. ಕೇಳಿಸಿಕೊಂಡಳು ಪಾಪ, ಮುಖ ಸಣ್ಣದಾಯಿತು.

“ಸರ್, ಫಾರ್ಮ್‌ನಲ್ಲಿ ‘ಇದು ನನ್ನ ಸ್ವಂತ ಕೃತಿ’ ಅಂತ ಸೈನ್ ಮಾಡಿದೀರ. ಈಗ ಅಲ್ಲ ಅಂದ್ರೆ ಚೀಟಿ ಬದಲಾಯಿಸಲ್ಲ ಸರ್, ಚಿತ್ರಾನೇ ತೆಗೆದು ಗೋಡೌನ್‌ಗೆ ಹಾಕ್ತಾರೆ. ಹೇಗೂ ಹದಿನೈದಕ್ಕೆ ಈ ಸೆಟ್ ಪೂರ್ತಿ ಇಳಿಸ್ತೀವಿ. ಹತ್ತು ದಿನ. ಸುಮ್ನಿದ್ಬಿಡಿ ಸರ್, ಪ್ಲೀಸ್.”

ಸುಮ್ಮನಿರಲು ನನಗೆ ಹೇಳಿಕೊಡಬೇಕಾಗಿಲ್ಲ, ಮಗಳೇ.

8 ಮಾರ್ಚ್

ಸಾಬಮ್ಮನ ಎದೆಯ ಮೇಲೆ ಒಂದು ಗುಲಾಬಿ. ಮಹಿಳಾ ದಿನ. “ಹೂವ ಕೊಟ್ಟಾರ್ರಿ ಕಾಕಾ. ಡ್ಯೂಟಿ ಅಷ್ಟಾ ಐತಿ. ದಾರ್ಯಾಗ ಉದುರಿದ ಎಸಳೂ ನಾವಾ ಗುಡಿಸಬೇಕು.” ನನ್ನ ಫ್ಲಾಸ್ಕು ತೊಳೆದು ತಂದಿದ್ದಳು. ಮೂರು ವಾರ ದಿನಾ ಚೀಲದಲ್ಲಿಟ್ಟುಕೊಂಡು ಬರುತ್ತಿದ್ದಳಂತೆ.

ಹೇಳಿದೆ. ನಾನಲ್ಲ, ಗೋದಾವರಿ.

“ಗೊತ್ತಿತ್ರಿ.”

ಆಮೇಲೆ ಕೇಳಬಾರದ್ದನ್ನು ಕೇಳಿದೆ. ನಿನಗೆ ಪಾಸ್ ಇದೆ, ನೀನೇ ಆ ಚೀಟಿಯ ಮೇಲೆ ಅವಳ ಹೆಸರು... ಕಾಗದದಲ್ಲಿ ಬರೆದುಕೊಡುತ್ತೇನೆ, ನೋಡಿಕೊಂಡು...

ಗುಲಾಬಿ ಕಿತ್ತು ಬೆಂಚಿನ ಮೇಲಿಟ್ಟಳು. “ಕ್ಯಾಮೆರಾ ಅದಾವ್ರಿ ಅಲ್ಲಿ. ನನ್ನ ಪಾಸ್ ಕಸ್ಕೊಂತಾರ. ನಿಮ್ಮ ತಪ್ಪಿಗೆ ನನ್ನ ಹೊಟ್ಟಿ ಮ್ಯಾಲೆ ಹೊಡೀತೀರೇನು?”

ಮತ್ತೊಬ್ಬ ಹೆಣ್ಣುಮಗಳ ತಲೆಯ ಮೇಲೆ ನನ್ನ ಬುಟ್ಟಿ. ಅರವತ್ತಾರು ವರ್ಷ. ಏನು ಕಲಿತೆ ನಾನು?

12 ಮಾರ್ಚ್

ಸುಲ್ತಾನ್ ಬಜಾರ್. ಸಣ್ಣ ಡಬ್ಬಿ ಕರಿ ಎನಾಮಲ್, ಎರಡನೆಯ ನಂಬರಿನ ಬ್ರಷ್. ಅಲ್ಲೇ ಟ್ರಾವೆಲ್ಸಿನಲ್ಲಿ ವಿಮಾನದ ಟಿಕೆಟ್, ಹದಿನಾಲ್ಕಕ್ಕೆ, ಬೆಂಗಳೂರಿಗೆ. “ರಿಟರ್ನ್, ಸಾರ್?” ಬೇಡ. ಹೋಗುವುದೇ ಇಲ್ಲ ಎಂದು ಹೇಳಲಿಲ್ಲ.

ಮನೆಗೆ ಬಂದು ಹಳೆಯ ಪೇಪರಿನ ಮೇಲೆ ಬರೆದು ನೋಡಿದೆ. ಗೋದಾವರಿ. ನಾಲ್ಕಕ್ಷರ. ‘ದಾ’ ದಪ್ಪವಾಯಿತು. ಮತ್ತೆ ಬರೆದೆ. ಮನೆ ತುಂಬ ಅವಳ ಹೆಸರು ಒಣಗುತ್ತಿದೆ. ಕಾಲಿಡಲು ಜಾಗವಿಲ್ಲ.

14 ಮಾರ್ಚ್, ಬೆಳಿಗ್ಗೆ 11.20. ಒಳಗೆ

ತಪಾಸಣೆಯಲ್ಲಿ ಎನಾಮಲ್ ಕಸಿದುಕೊಂಡರು. ಬೆಂಕಿ ಹೊತ್ತಿಕೊಳ್ಳುವ ವಸ್ತುವಂತೆ. ಟ್ರೇಯಲ್ಲಿ ಬ್ರಷ್ ಒಂದೇ ಬಂತು. ಜೀವಮಾನವೆಲ್ಲ ಬಣ್ಣದ ಕೆಲಸ ಮಾಡಿದವನಿಗೆ ಇದು ಹೊಳೆಯಬೇಕಿತ್ತು. ಪೇಂಟರ್ ಪೆನ್ನಿನಲ್ಲಿ ಬರೆಯುತ್ತಾನೆಯೇ ಎಂಬ ಗರ್ವ.

ಗೇಟ್ ಇಪ್ಪತ್ತಾರು. ಎದುರಿನ ಕುರ್ಚಿಯಲ್ಲಿ ಕೂತಿದ್ದೇನೆ.

ಐವರೂ ಇದ್ದಾರೆ. ಟ್ರಂಕಿನಲ್ಲಿ ಮಡಿಕೆ ಮಡಿಕೆಯಾಗಿದ್ದವರು ಈಗ ನೆಟ್ಟಗೆ ನಿಂತಿದ್ದಾರೆ. ತುದಿಯವಳ ಕೈಯಲ್ಲಿ ಸಿಂಬಿ. ಮೂವತ್ತೆಂಟು ವರ್ಷ ನನ್ನ ಹತ್ತಿರ ಇಟ್ಟುಕೊಂಡೂ ನಾನು ಅದನ್ನು ನೋಡಿರಲಿಲ್ಲ, ಬಳೆ ಎಂದುಕೊಂಡಿದ್ದೆ. ಮಡಚುವಾಗ ಅಳತೆ ತಪ್ಪಿದ್ದಾರೆ. ಹೆಂಗಸರ ಕಾಲ ಕೆಳಗೆ ನನ್ನ ಅಕ್ಷರಗಳ ತಲೆಕಟ್ಟುಗಳು ಕಾಣುತ್ತಿವೆ, ಕೆಂಪಗೆ, ಸಾಲಾಗಿ. ಯಾರಿಗೂ ಓದಲು ಬರುವುದಿಲ್ಲ. ಬಾರ್ಡರ್ ಎಂದುಕೊಳ್ಳುತ್ತಾರೆ.

ಚೀಟಿ ಕಾಗದದ್ದೇ. ಸಾಬಮ್ಮ ಹೇಳಿದಂತೆ.

11.45

ಸಾಬಮ್ಮ ಮಾಪು ಹಿಡಿದು ಬಂದಳು. ನಾನೇ ಬಂದು ಬರೆಯುತ್ತೇನೆಂದು ನಿನ್ನೆ ಬಸ್ ಸ್ಟಾಪಿನಲ್ಲಿ ಹೇಳಿದ್ದೆ. ನನ್ನ ಕಾಲ ಹತ್ತಿರ ಒರೆಸುತ್ತ, ಬಾಯಿ ಅಲ್ಲಾಡಿಸದೆ: “ಬಂದ್ರಿ?”

“ಬಂದೆ.”

“ಕಾಲು ಎತ್ರಿ.” ಎತ್ತಿದೆ. “ಹಳದಿ ಬೋರ್ಡ್ ಇಡ್ತೀನಿ. ಹಸಿ ಐತಿ ಅಂತ ಮಂದಿ ಈ ಕಡೆ ಬರಂಗಿಲ್ಲ. ನಾ ಅತ್ತಾಗ ಮುಖಾ ಮಾಡಿರ್ತೀನಿ. ನಾ ಏನೂ ನೋಡಿಲ್ಲ.”

ಬೋರ್ಡ್ ಇಟ್ಟಳು. ಅವಳ ಡ್ಯೂಟಿ ಅದು, ಯಾರೂ ಕೇಳುವಂತಿಲ್ಲ.

ಮೈಕಿನಲ್ಲಿ ನನ್ನ ಹೆಸರು ಕೂಗುತ್ತಿದ್ದಾರೆ. ಬೆಂಗಳೂರಿನ ವಿಮಾನ, ಕೊನೆಯ ಕರೆ. ಪ್ಯಾಸೆಂಜರ್ ಗುರುಸಿದ್ದಪ್ಪ. ಪ್ಯಾಸೆಂಜರ್ ಗುರುಸಿದ್ದಪ್ಪ. ಇಡೀ ಟರ್ಮಿನಲ್ಲಿಗೆ ಕೇಳುವಂತೆ. ಅವತ್ತೂ ಹೀಗೇ ಮೈಕಿನಲ್ಲಿ ಕರೆದಿದ್ದರು. ಅವತ್ತು ಎದ್ದು ಹೋಗಿದ್ದೆ.

ಕೂಗಲಿ.

ಸಾಬಮ್ಮ ಬೆನ್ನು ತಿರುಗಿಸಿದ್ದಾಳೆ. ಚೀಟಿ ಆರು ಹೆಜ್ಜೆ. ನಾಲ್ಕೇ ಅಕ್ಷರ. ನನ್ನ ಹತ್ತಿರ ಇರುವುದು ಇದೊಂದೇ ಪೆನ್ನು, ಆದ್ದರಿಂದ ಇಲ್ಲಿ ನಿಲ್ಲಿಸಿ ಅಲ್ಲಿ