ಪೀಸಾದಲ್ಲಿ ನಾನು, ಬೆಂಗೇರಿಯಲ್ಲಿ ಬೀಗತಿ

ರೋಮ್
೧೪ ಮೇ ೨೦೨೫

ಚಿ. ಸೌ. ರಜನಿಗೆ,

ನಿನ್ನ ಅವ್ವನ ಆಶೀರ್ವಾದ ನಿನಗೂ ಕೂಸಿಗೂ ಒಟ್ಟಿಗೇ ಮುಟ್ಟಲಿ. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ದಿನಾ ಒಂದು ಊರು, ದಿನಾ ಒಂದು ಹೋಟೆಲು; ಪೆನ್ನು ಯಾವ ಬ್ಯಾಗಿನಲ್ಲಿದೆ ಎಂದೇ ತಿಳಿಯುವುದಿಲ್ಲ. ಫೋನ್ ಮಾಡಿದರೆ ಪ್ರತಿಸಲವೂ ನಿನ್ನ ಅತ್ತೆ ಶಿವಲಿಂಗವ್ವನವರೇ ಎತ್ತುತ್ತಾರೆ. "ಈಗರ ಮಲಗ್ಯಾಳ್ರಿ ಬೀಗರ, ನೀವು ಆರಾಮ ತಿರಗ್ಯಾಡ್ರಿ" ಎನ್ನುತ್ತಾರೆ. ಅದಕ್ಕೇ ಈ ಕಾಗದ. ನಮ್ಮ ಟೂರಿನಲ್ಲಿರುವ ನಿಮ್ಮ ಬೆಂಗೇರಿಯ ಅಬ್ದುಲಮಜೀದರು ನಮಗಿಂತ ಮೊದಲು, ನಾಳೆಯೇ ಊರಿಗೆ ಹೊರಟಿದ್ದಾರೆ. ನಿನ್ನ ಕೈಗೇ ಕೊಡಲು ಹೇಳಿದ್ದೇನೆ.

ನೀನೂ ಅಳಿಯಂದಿರೂ ಕೂಡಿ ಮಾಡಿಸಿಕೊಟ್ಟ ಪ್ರವಾಸ, ಚೆನ್ನಾಗಿಲ್ಲ ಎಂದರೆ ತಪ್ಪಾದೀತು. ಲಂಡನ್ನಿನ ದೊಡ್ಡ ಗಡಿಯಾರದ ಎದುರು ನಿಮ್ಮಪ್ಪ ತಮ್ಮ ಕೈಗಡಿಯಾರ ಸರಿಮಾಡಿಕೊಂಡರು. ಅಲ್ಲಿಯವರೆಗೆ ನಾನೂ ನಗುನಗುತ್ತಲೇ ಇದ್ದೆ.

ಪ್ಯಾರಿಸ್ಸಿನ ಐಫೆಲ್ ಗೋಪುರದ ಮೇಲೆ ನಿಂತಿದ್ದಾಗ ಹೆಣ್ಣು ಹುಟ್ಟಿದ ಸುದ್ದಿ ಬಂತು. ನಿಮ್ಮಪ್ಪ ಚೀಲದಲ್ಲಿದ್ದ ಪೇಡೆಯನ್ನೆಲ್ಲ ಗುರುತಿಲ್ಲದ ಜನಕ್ಕೆ ಹಂಚಿಬಿಟ್ಟರು. ನನಗೆ ಮಾತ್ರ ಸಂತೋಷದ ಬೆನ್ನಿಗೇ ಹೊಟ್ಟೆಯುರಿ ಬಂತು. ಕೂಸನ್ನು ಮೊದಲು ಎತ್ತಿಕೊಂಡವರು ಯಾರೆಂದು ಕೇಳಿದೆ, ಉತ್ತರ ಗೊತ್ತಿದ್ದೂ ಕೇಳಿದೆ. ಇಲ್ಲಿಂದ ಊರೆಲ್ಲ ಕಾಣುತ್ತದೆ ಎಂದು ಗೈಡ್ ಹೇಳುತ್ತಲೇ ಇದ್ದ. ನಾನು ಏನೂ ನೋಡಲಿಲ್ಲ.

ಪೀಸಾದಲ್ಲಿ ವಾಲಿದ ಗೋಪುರವನ್ನು ಕೈಯಿಂದ ಹಿಡಿದಂತೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. "ಕೈ ಇನ್ನಷ್ಟು ಮ್ಯಾಲೆ ಎತ್ತು, ನಗು" ಎಂದರು ನಿಮ್ಮಪ್ಪ. ಬಿಸಿಲಲ್ಲಿ ಕೈ ಎತ್ತಿಕೊಂಡು ನಿಂತೆ. ಇಲ್ಲಿ ನಾನು ಯಾರದೋ ಗೋಪುರ ಹಿಡಿದು ನಿಂತಿದ್ದೇನೆ, ಅಲ್ಲಿ ನಿನ್ನ ಅತ್ತೆ ನನ್ನ ಮೊಮ್ಮಗಳನ್ನು ಹಿಡಿದು ಕೂತಿದ್ದಾರೆ ಎನಿಸಿ ಕಣ್ಣು ತುಂಬಿತು. ಆ ಫೋಟೋ ಯಾರಿಗೂ ತೋರಿಸಬೇಡ.

ಇವತ್ತು ಇಲ್ಲಿನ ಕೊಲೋಸಿಯಂ ನೋಡಿದೆವು. ಆಟ ನಡೆಯುವಾಗ ಹೆಂಗಸರನ್ನು ತೀರ ಮೇಲೆ, ಎಲ್ಲರಿಗಿಂತ ದೂರ ಕೂಡಿಸುತ್ತಿದ್ದರಂತೆ. ಅವರ ಸಂಕಟ ನನಗೆ ಚೆನ್ನಾಗಿ ತಿಳಿಯಿತು.

ಚೊಚ್ಚಲ ಬಾಣಂತನ ತವರಿನದು, ರಜನಿ. ಟೂರಿನಿಂದ ಬಂದವಳೇ, ಹೆರಿಗೆಗೆ ಮೊದಲು, ನಿನ್ನನ್ನು ನವನಗರದ ನಮ್ಮ ಮನೆಗೆ ಕರೆದುಕೊಂಡು ಬರಬೇಕೆಂದಿದ್ದೆ. ಬಾಣಂತಿಗೆ ತಿನ್ನಿಸುವ ಅಂಟಿನುಂಡಿಗೆಂದು ಉತ್ತತ್ತಿ ಬೀಜ ಬಿಡಿಸಿಟ್ಟಿದ್ದೆ. ಕೂಸಿಗೆ ಹಾಸಲು ಹಳೆಯ ಸೀರೆಗಳನ್ನು ಒಗೆದು ಮಡಿಸಿಟ್ಟಿದ್ದೆ. ವಿಡಿಯೋದಲ್ಲಿ ನೋಡಿದರೆ ಕೂಸಿನ ಮೈಸುತ್ತ ಶಿವಲಿಂಗವ್ವನವರ ಇಳಕಲ್ ಸೀರೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ತಲೆಗೆ ಬಟ್ಟೆ ಕಟ್ಟಿಕೋ, ತಣ್ಣೀರು ಮುಟ್ಟಬೇಡ. ಕೂಸಿನ ನೆತ್ತಿಗೆ ನನ್ನ ಹೆಸರಲ್ಲೂ ಒಂದಿಷ್ಟು ಎಣ್ಣೆ ಒತ್ತು. ಇಬ್ಬರೂ ನೂರು ಕಾಲ ಸುಖವಾಗಿರಿ.

ನಿನ್ನ ಅವ್ವ,
ದಾಕ್ಷಾಯಿಣಿ

ತಾ.ಕ.: ನಿನ್ನೆ ಫೋನಿನಲ್ಲಿ ನಿನ್ನ ಅತ್ತೆ, ಪಾಪ, ಸಹಜವಾಗಿಯೇ ಅಂದರು: "ಡಾಕ್ಟರು ಮೊದಲಿಂದ ಹೇಳಿದ್ದ ತಾರೀಖಿಗೇ ಹಡದಾಳ ನೋಡ್ರಿ. ಅದಕ್ಕ ನಾ ಯುಗಾದಿ ಮುಗದ ಕೂಡ್ಲೆ ಎಲ್ಲಾ ತಯಾರಿ ಮಾಡಿಟ್ಟಿದ್ನಿ." ನನಗೆ ನೀನು ಹೇಳಿದ್ದು ಹೆರಿಗೆ ಈ ತಿಂಗಳ ಅಮಾವಾಸ್ಯೆ ಕಳೆದ ಮೇಲೆ ಎಂದು. ಆ ಮಾತು ನಂಬಿಯೇ ನಾನು ವಿಮಾನ ಹತ್ತಿದೆ. ನಿಮ್ಮಪ್ಪನಿಗೆ ಇದನ್ನು ಹೇಳಿಲ್ಲ. ನನ್ನ ಕೈಯ ಬಾಣಂತನ ನಿನಗೆ ಬೇಡವಾಗಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು. ಜಗಳವಾಡುತ್ತಿದ್ದೆ, ಅಳುತ್ತಿದ್ದೆ, ಆದರೆ ಊರಲ್ಲೇ ಇರುತ್ತಿದ್ದೆ. ಭಾನುವಾರ ಇಳಿದವಳೇ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ನೀನೇ ತೆಗೆ. ಅವರು ತೆಗೆದರೆ ನಾನು ಬೀಗತಿಯಾಗಿ ಒಳಗೆ ಬರಬೇಕಾಗುತ್ತದೆ.